ಕಿವಿರು ಅರಳುವವರೆಗೆ

ನನ್ನ ಹೆಂಡತಿ ಪಿಎಚ್‌.ಡಿ. ಮಾಡುತ್ತೇನೆ ಎಂದಾಗ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಅವಳು ಹುಬ್ಬಳ್ಳಿಯ ವಿದ್ಯಾನಗರದ ಒಂದು ಕಾಲೇಜಿನಲ್ಲಿ ಬಹಳ ವರ್ಷಗಳಿಂದ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಮಗಳು ಓದಲು ಹಾಸ್ಟೆಲಿಗೆ ಹೋದ ಮೇಲೆ ಅವಳಿಗೆ ಸಂಜೆಗಳು ಖಾಲಿಯೆನಿಸುತ್ತಿದ್ದವು. ಆಶ್ಚರ್ಯವಾದದ್ದು ಅವಳು ಆರಿಸಿಕೊಂಡ ವಿಷಯ ಕೇಳಿ. ಧಾರವಾಡಕ್ಕೆ ಹೋಗಿ ತನ್ನ ಗೈಡ್ ಮೇಡಂ ಅವರನ್ನು ಕಂಡು ಬಂದ ದಿನ, ಊಟಕ್ಕೆ ಕೂತು ರೊಟ್ಟಿ ಮುರಿಯುತ್ತ ಹೇಳಿದಳು.

"ಸೀ ಸ್ಲಗ್ ಮ್ಯಾಲ ಮಾಡೂದಂತ ಆತ್ರಿ."

"ಹಂಗಂದ್ರ?" ಎಂದು ಕೇಳಿದವರು ನನ್ನ ಅವ್ವ.

"ಸಮುದ್ರದಾಗ ಇರೂ ಬಸವನಹುಳ ಅತ್ತಿ. ಬೆನ್ನ ಮ್ಯಾಲ ಚಿಪ್ಪ ಇರೂದಿಲ್ಲ, ಅಷ್ಟ. ಕಾರವಾರದ ಕಡೆ ಬಂಡಿಗಲ್ಲಿನ್ಯಾಗ ಸಿಗತಾವ. ನೋಡಾಕ ಎಲ್ಲಾ ಒಂದ ನಮೂನಿ ಕಾಣತಾವ, ಆದ್ರ ಜಾತಿ ಬ್ಯಾರೆ ಬ್ಯಾರೆ. ಯಾವುದು ಯಾವ ಜಾತಿ ಅಂತ ತಿಳಕೊಂಡು ಬ್ಯಾರೆ ಮಾಡೂದು."

ಅವ್ವ ತಾಟಿನ ಮೇಲೆ ಕೈಯನ್ನು ಹಾಗೆಯೇ ನಿಲ್ಲಿಸಿದರು. "ಮನಷ್ಯಾರಿಗೆ ಜಾತಿ ಹಚ್ಚಿದ್ದು ಸಾಲಲಿಲ್ಲಂತ ಈಗ ಹುಳಕ್ಕೂ ಹಚ್ಚತಿಯೇನವಾ? ಅದೂ ಬಸವಣ್ಣನ ಹೆಸರಿಟಗೊಂಡ ಹುಳಕ್ಕ!"

ಹೆಂಡತಿಗೆ ನಗು ತಡೆಯಲಾಗದೆ ನೆತ್ತಿಗೆ ಹತ್ತಿತು. ನಾನು ನೀರು ಕೊಟ್ಟೆ. ಮುಂದೆ ಕೆಲವು ವರ್ಷ ನಮ್ಮ ಮನೆಯ ಮಾತಿನಲ್ಲೆಲ್ಲ ಆ ಹುಳುಗಳು ಹರಿದಾಡಲಿವೆ ಎಂದು ಆಗ ನಮಗೆ ಮೂವರಿಗೂ ಗೊತ್ತಿರಲಿಲ್ಲ.

ನಮ್ಮ ಮನೆ ಉಣಕಲ್ಲಿನಲ್ಲಿ, ಕೆರೆಯಿಂದ ಸ್ವಲ್ಪ ದೂರ. ನನ್ನದು ಒಣಮೆಣಸಿನಕಾಯಿ ವ್ಯಾಪಾರ. ಎಪಿಎಂಸಿ ಯಾರ್ಡಿನಲ್ಲಿ ಅಪ್ಪನ ಕಾಲದ ಅಂಗಡಿ. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಕಾಯಿಯನ್ನು ಬೆಳಕಿಗೆ ಹಿಡಿದರೆ ಕಡ್ಡಿ ತಳಿ ಯಾವುದು, ಡಬ್ಬಿ ತಳಿ ಯಾವುದು, ಹೋದ ವರ್ಷದ್ದನ್ನು ಈ ವರ್ಷದ್ದರಲ್ಲಿ ಯಾರು ಬೆರೆಸಿದ್ದಾರೆ ಎಂದೆಲ್ಲ ಬಣ್ಣದಿಂದಲೇ ಹೇಳುತ್ತೇನೆ. ಸಮುದ್ರದ ವಿಷಯದಲ್ಲಿ ಮಾತ್ರ ನನ್ನ ತಿಳಿವಳಿಕೆ ಮರಳಿನ ಮೇಲೆ ನಿಂತು ಪಾದ ತೋಯಿಸಿಕೊಂಡಷ್ಟು. ಅವ್ವ ಅದನ್ನೂ ಕಂಡವರಲ್ಲ.

ಹೆಂಡತಿಗೆ ಹುಬ್ಬಳ್ಳಿಯೊಳಗೆ ಕಾರು ಓಡಿಸಲು ಬರುತ್ತದೆ, ಘಟ್ಟದ ರಸ್ತೆ ಒಲ್ಲೆ ಎನ್ನುತ್ತಾಳೆ. ಹಾಗಾಗಿ ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಅವಳನ್ನು ಕಡಲಿಗೆ ಕರೆದೊಯ್ಯುವ ಕೆಲಸ ನನ್ನದಾಯಿತು. ತೊಡಕು ಎದ್ದದ್ದು ದಿನ ಗೊತ್ತುಮಾಡುವಾಗ. ಈ ಹುಳುಗಳು ಕಲ್ಲಿನ ಸಂದಿಯಲ್ಲಿ, ನೀರಿನ ಕೆಳಗೆ ಇರುತ್ತವೆ. ಅವು ಕಾಣಬೇಕಾದರೆ ಕಡಲು ಚೆನ್ನಾಗಿ ಹಿಂದೆ ಸರಿಯಬೇಕು. ಹಾಗೆ ಸರಿಯುವುದು ಅಮಾವಾಸ್ಯೆ, ಹುಣ್ಣಿಮೆಗಳ ಮರುದಿನಗಳಲ್ಲಿ. ಅವಳಿಗೆ ಮೊದಲು ರಜೆ ಸಿಕ್ಕಿದ್ದು ಅಮಾವಾಸ್ಯೆಯ ಮರುದಿನಕ್ಕೆ. ಅಂದರೆ ನಾವು ಅಮಾವಾಸ್ಯೆಯ ದಿನವೇ ಊರು ಬಿಡಬೇಕಿತ್ತು.

ಅಮಾವಾಸ್ಯೆಗೆ ನಮ್ಮ ಅಂಗಡಿಯಲ್ಲಿ ಪೂಜೆ. ಅಪ್ಪ ಇದ್ದಾಗಿನಿಂದ ಒಮ್ಮೆಯೂ ತಪ್ಪಿಲ್ಲ. ತಕ್ಕಡಿಗೆ ವಿಭೂತಿ ಹಚ್ಚಿ, ಗಾದಿಗೆ ಹೂವು ಏರಿಸಿ, ಬಾಗಿಲಲ್ಲಿ ಕಾಯಿ ಒಡೆಯಬೇಕು.

"ಅಮಾಸಿ ದಿನಾ ದುಕಾನದ ಪೂಜಿ ಬಿಟ್ಟು ಹುಳಾ ಹುಡಕಾಕ ಹೊಂಟೇನಿ ಅಂತ ಯಾರ ಮುಂದರ ಹೇಳಬ್ಯಾಡೋ ತಮ್ಮಾ," ಎಂದರು ಅವ್ವ.

ಹೆಂಡತಿ ಒಳಗೆ ಹೋಗಿ ಶೇಂಗಾ ಚಟ್ನಿ ಕುಟ್ಟಲು ಕೂತಳು. ಮಿಕ್ಸರ್ ಇದ್ದೂ ಅವಳು ಒರಳು ಹಿಡಿದಳೆಂದರೆ ಸಿಟ್ಟು ಬಂದಿದೆ ಎಂದೇ ಅರ್ಥ. ಅವ್ವ ಸ್ವಲ್ಪ ಹೊತ್ತು ಆ ಸದ್ದನ್ನು ಕೇಳುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಪೂಜಿ ನೀನ ಮಾಡಬೇಕಂತ ಎಲ್ಲೆರ ಬರದೈತೇನು?"

"ಮತ್ಯಾರು ಮಾಡಬೇಕವಾ?"

"ನಾ ಇಲ್ಲೇನು? ನಿಮ್ಮಪ್ಪ ಹೆಂಗ ಮಾಡತಿದ್ರು ಅಂತ ಮನ್ಯಾಗ ಕುಂತ ಎಷ್ಟ ವರ್ಷ ಕೇಳೇನಿ. ಹೋಗಿ ನಾನ ಮಾಡತೇನಿ. ನೀವ ಹೋಗ್ರಿ."

ಆ ಅಮಾವಾಸ್ಯೆ ಅವ್ವ ಇಳಕಲ್ಲ ಸೀರೆ ಉಟ್ಟು ಆಟೋದಲ್ಲಿ ಯಾರ್ಡಿಗೆ ಹೋಗಿ ಅಂಗಡಿಯ ಪೂಜೆ ಮಾಡಿದರು. ಹಮಾಲರೆಲ್ಲ ಬಂದು ಕಾಲಿಗೆ ನಮಸ್ಕಾರ ಮಾಡಿದರಂತೆ. ಕಸ ಸರಿಯಾಗಿ ಹೊಡೆದಿಲ್ಲವೆಂದು ಲೆಕ್ಕ ಬರೆಯುವ ನಮ್ಮ ಮುನೀಮರಿಗೆ ಎಲ್ಲರೆದುರೇ ಹೇಳಿ ಬಂದರಂತೆ. ಅಲ್ಲಿಂದಾಚೆ ಅಮಾವಾಸ್ಯೆಯ ಪೂಜೆ ಅವರದೇ ಆಯಿತು. ನಾನು ಊರಲ್ಲಿದ್ದರೂ ಬಿಟ್ಟುಕೊಡಲಿಲ್ಲ.

ನಾವು ಅತ್ತ ಘಟ್ಟ ಇಳಿದು ಕಾರವಾರದ ಈಚೆಗೆ ಒಂದು ಲಾಡ್ಜಿನಲ್ಲಿ ಉಳಿದೆವು. ಬೆಳಗ್ಗೆ ತೀರಕ್ಕೆ ಹೋದಾಗ ಕಡಲು ತಾನಾಗಿ ದೂರ ಸರಿದು, ಕರಿ ಬಂಡೆಗಳನ್ನೂ ನಡುವೆ ಸಣ್ಣ ಸಣ್ಣ ಹೊಂಡಗಳನ್ನೂ ಬಿಟ್ಟುಹೋಗಿತ್ತು. ಹೆಂಡತಿ ಹಳೆಯ ಕ್ಯಾನ್ವಾಸ್ ಬೂಟು ಹಾಕಿದ್ದಳು. ನಾನು ಚಪ್ಪಲಿಯಲ್ಲಿ ಬಂದಿದ್ದೆ. ಪಾಚಿಯ ಮೇಲೆ ಕಾಲಿಟ್ಟದ್ದೇ ತಡ, ಪ್ಯಾಂಟು ಸಮೇತ ಒಂದು ಹೊಂಡದಲ್ಲಿ ಕೂತುಬಿಟ್ಟೆ.

"ಪೆಟ್ಟಾತೇನ್ರೀ?" ಎಂದು ಓಡಿ ಬಂದವಳು, ಪೆಟ್ಟಾಗಿಲ್ಲವೆಂದು ಖಾತ್ರಿಯಾದ ಮೇಲೆ ಹೊಟ್ಟೆ ಹಿಡಿದು ನಕ್ಕಳು. ಮದುವೆಯಾದ ಹೊಸತರಲ್ಲಿ ಅವಳು ಹಾಗೆ ನಗುತ್ತಿದ್ದಳು. ನಾನು ನೀರಲ್ಲೇ ಕೂತು ಅದನ್ನು ನೋಡಿದೆ.

ಹಾಗೆ ಕೂತಲ್ಲಿಯೇ ಕಲ್ಲಿನ ಮಗ್ಗುಲಿಗೆ ಸೈಕಲ್ ಟ್ಯೂಬಿನ ಹರಿದ ತುಂಡಿನಂಥದ್ದು ಏನೋ ಅಂಟಿಕೊಂಡಿರುವುದು ಕಂಡಿತು. ಕಸ ಎಂದು ಕೈ ಚಾಚಿದೆ. ಅದು ಅಂಚನ್ನು ಮೆಲ್ಲನೆ ಅಲೆಯಾಡಿಸುತ್ತ ಮುಂದೆ ಸರಿಯಿತು.

"ಅದ ರೀ, ಅದ! ಮುಟ್ಟಬ್ಯಾಡ್ರಿ!" ಎಂದಳು ಹೆಂಡತಿ. ಅಷ್ಟು ವರ್ಷ ಚಿತ್ರಗಳಲ್ಲೂ ಬಾಟಲಿಗಳಲ್ಲೂ ತೋರಿಸಿ ಪಾಠ ಮಾಡಿದ್ದ ಜೀವವನ್ನು ಅದರ ಜಾಗದಲ್ಲಿ ಅವಳೂ ನೋಡುತ್ತಿದ್ದದ್ದು ಅದೇ ಮೊದಲು. ಮುಂದೆ ಎರಡು ಪುಟ್ಟ ಕೊಂಬು, ಅವುಗಳಿಂದ ಅದು ವಾಸನೆ ಹಿಡಿಯುತ್ತದೆ ಎಂದಳು. ಉಸಿರಾಡುವ ಕಿವಿರು ಬೆನ್ನಿನ ಹಿಂಭಾಗದಲ್ಲಿ ಹೂವಿನ ಹಾಗೆ ಹೊರಗೆ ಅರಳುತ್ತದೆ, ಬೆದರಿದರೆ ಒಳಗೆ ಎಳೆದುಕೊಳ್ಳುತ್ತದೆ ಎಂದಳು. ನಾನು ಧಡಲ್ಲನೆ ಪಕ್ಕದಲ್ಲಿ ಬಿದ್ದಿದ್ದರಿಂದ ಆ ಹೂವು ಆಗಲೇ ಒಳಗೆ ಹೋಗಿತ್ತು.

ಆ ಬೆಳಗ್ಗೆ ಕರಿಯವು ಬಹಳ ಸಿಕ್ಕವು, ಬೂದಿ ಬಣ್ಣದವು ಕೆಲವು, ಕಿತ್ತಳೆ ಬಣ್ಣದ್ದು ಒಂದು. ಅವಳು ಹೇಳಿದ ಕಡೆ ನಿಂತು, ಹೇಳಿದಂತೆ ನೆರಳು ಹಿಡಿದು, ಫೋಟೋ ತೆಗೆದೆ. ಅನುಮತಿ ಇದ್ದಷ್ಟನ್ನು ಮಾತ್ರ ಬಾಟಲಿಗೆ ಹಾಕಿಕೊಂಡು ಉಳಿದವನ್ನು ಅವುಗಳ ಜಾಗದಲ್ಲೇ ಬಿಟ್ಟೆವು. ವಾಪಸು ಬರುವಾಗ ಯಲ್ಲಾಪುರದಲ್ಲಿ ಚಹಾ ಕುಡಿಯಲು ನಿಂತಾಗ ನಾನು ನನ್ನ ತೀರ್ಪು ಕೊಟ್ಟೆ.

"ಕರೀದು ಒಂದು, ಬೂದಿ ಬಣ್ಣದ್ದು ಒಂದು, ಕಿತ್ತಳಿದು ಒಂದು. ಮೂರ ಜಾತಿ. ಮುಗೀತಲ್ಲ?"

"ಮುಗೀತಾ? ಹಂಗಾದ್ರ ನಾ ಯಾಕ ವರ್ಷಗಟ್ಟಲೆ ಓದಬೇಕ್ರಿ? ಬಣ್ಣಾ ನಂಬಬ್ಯಾಡ್ರಿ. ಅದು ಮೆಣಸಿನಕಾಯಲ್ಲ."

ಬಣ್ಣವನ್ನು ನಂಬಬೇಡ ಎಂದು ನನಗೆ ಯಾರೂ ಅದುವರೆಗೆ ಹೇಳಿರಲಿಲ್ಲ. ಘಟ್ಟ ಹತ್ತಿ ಬಂದದ್ದಕ್ಕೋ ಏನೋ, ನನಗೂ ಸ್ವಲ್ಪ ಹಟ ಬಂತು. ಕಿತ್ತಳೆಯದೂ ಕರಿಯದೂ ಬೇರೆ ಅಲ್ಲವಾದರೆ ನಾನು ಅಂಗಡಿ ಮುಚ್ಚುತ್ತೇನೆ ಎಂದುಬಿಟ್ಟೆ. ಅವಳು ಮಿರ್ಚಿ ಭಜಿ ತಿನ್ನುತ್ತ, "ನೋಡೂಣು ತಡೀರಿ," ಎಂದಳು.

ಬಾಟಲಿಗಳನ್ನು ಕಾಲೇಜಿನ ಲ್ಯಾಬಿನಲ್ಲಿಟ್ಟಳು. ಕೆಲವು ದಿನಗಳ ಮೇಲೆ ನನ್ನನ್ನು ಕರೆದು ತೋರಿಸಿದಳು. ನೋಡಿ ಪೆಚ್ಚಾದೆ. ಸ್ಪಿರಿಟ್ಟಿನಲ್ಲಿ ಎಲ್ಲವೂ ಮುದುಡಿ ಮಾಸಲಾಗಿದ್ದವು. ಕಿತ್ತಳೆ ಯಾವುದು, ಬೂದಿ ಯಾವುದು ಎಂದು ಚೀಟಿ ನೋಡಿಯೇ ಹೇಳಬೇಕು. ಹೆಚ್ಚಿನ ಸೀ ಸ್ಲಗ್‌ಗಳನ್ನು ಬಾಯೊಳಗಿನ ಹಲ್ಲಿನ ಸಾಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತಿಸುತ್ತಾರಂತೆ. ಆದರೆ ಇವಳ ಪಾಲಿಗೆ ಬಂದ ಈ ಬಳಗಕ್ಕೆ ಹಲ್ಲೇ ಇಲ್ಲ. ಕಡಲ ಸ್ಪಂಜನ್ನು ಮೆತ್ತಗೆ ಮಾಡಿಕೊಂಡು ಹೀರಿಕೊಳ್ಳುತ್ತವೆ.

ರಾತ್ರಿ ಊಟದ ಹೊತ್ತಿಗೆ ಇದನ್ನು ಕೇಳಿದ ಅವ್ವನಿಗೆ ಆ ಹುಳುಗಳ ಮೇಲೆ ಮೊದಲ ಸಲ ಮಮತೆ ಹುಟ್ಟಿತು. "ನನ್ನಂಗ ಆತು ಬಿಡ. ಅವಕ್ಕೂ ರೊಟ್ಟಿ ಸಾರಿನ್ಯಾಗ ನೆನಸೇ ಕೊಡಬೇಕು," ಎಂದರು. ಅವರ ಹಲ್ಲಿನ ಸೆಟ್ಟು ಸಾಮಾನ್ಯವಾಗಿ ಡಬ್ಬಿಯಲ್ಲೇ ಇರುತ್ತಿತ್ತು.

ಆ ಚಳಿಗಾಲದಲ್ಲಿ ಇನ್ನೂ ಕೆಲವು ಸಲ ಹೋಗಿ ಬಂದೆವು. ಹೆಂಡತಿಗೆ ಒಂದು ಸಂಶಯ ಬೆಳೆಯುತ್ತಿತ್ತು. ಎಲ್ಲ ಕರಿಯವು ಒಂದೇ ಅಲ್ಲ, ಕರಿಯದರಲ್ಲೇ ಎರಡು ಪ್ರಭೇದ ಇವೆ ಎಂದು. ಏಕೆ ಹಾಗೆನಿಸುತ್ತದೆ ಎಂದು ಕೇಳಿದರೆ, "ನೋಡಿದ್ರ ಹಂಗ ಅನಸ್ತೈತ್ರಿ," ಎನ್ನುತ್ತಿದ್ದಳು. ಅದನ್ನೇ ಬರೆದು ಮೇಡಂ ಅವರಿಗೆ ಕೊಟ್ಟಳು. ಧಾರವಾಡದ ಅವರ ಮನೆಗೆ ನಾನೂ ಜೊತೆಗೆ ಹೋಗಿದ್ದೆ. ಮೇಡಂ ಅವರದು ನಿಧಾನದ ಮಾತು. ಹಾಳೆಗಳನ್ನು ತಿರುವಿ, ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

"ಸಂಶಯ ಛಲೋ ಐತಿ. ಖರೇನೂ ಇರಬಹುದು. ಆದ್ರ ಅನಸ್ತೈತಿ ಅಂತ ಹೆಸರಿಡಾಕ ಬರೂದಿಲ್ಲ. ಇವುಕ್ಕ ಹಲ್ಲಿಲ್ಲ, ಬಣ್ಣಕ್ಕ ಭರವಸಿ ಇಲ್ಲ. ಉಳದದ್ದು ಕಿವಿರು. ಜೀವಂತ ಇದ್ದಾಗ, ಪೂರಾ ಅರಳಿದಾಗ ನೋಡಬೇಕು. ನಿಮ್ಮ ಫೋಟೋದಾಗ ಎಲ್ಲೈತಿ ಕಿವಿರು?"

ನಾವಿಬ್ಬರೂ ಫೋಟೋಗಳನ್ನು ನೋಡಿದೆವು. ಖರೆಯೇ. ಕೆಲವು ನೀರಿನ ಹೊರಗೆ ಕಲ್ಲಿಗೆ ಅಂಟಿದ್ದವು, ಕೆಲವಕ್ಕೆ ಅಲೆ ಬಡಿದಿತ್ತು, ಕೆಲವುಗಳ ಮೇಲೆ ನಮ್ಮ ನೆರಳು ಬಿದ್ದಿತ್ತು. ಎಲ್ಲವೂ ಹೂವನ್ನು ಒಳಗೆ ಎಳೆದುಕೊಂಡು ಕೂತಿದ್ದವು. ಒಂದು ಇಡೀ ಚಳಿಗಾಲ ನಾವು ಮುಚ್ಚಿದ ಬಾಗಿಲುಗಳ ಫೋಟೋ ತೆಗೆದಿದ್ದೆವು.

ಹಿಂದಿರುಗುವಾಗ ಅವಳು ಆ ಫೋಟೋಗಳನ್ನೇ ಮತ್ತೆ ಮತ್ತೆ ತಿರುವಿದಳು. ಮನೆಗೆ ಬಂದು ಒರಳು ಹಿಡಿದಳು. ಆ ವಾರ ನಮ್ಮಲ್ಲಿ ಚಟ್ನಿ ಎಷ್ಟಾಯಿತೆಂದರೆ ನೆರೆಯವರಿಗೂ ಹಂಚಿದೆವು. ಬಿಟ್ಟುಬಿಡುತ್ತಾಳೇನೋ ಎಂದು ನನಗೆ ಅಂಜಿಕೆಯಾಗಿತ್ತು. ಒಂದು ಬೆಳಗ್ಗೆ ಅಡುಗೆಮನೆಯಿಂದ ಅಗಲವಾದ ಬಿಳಿ ಟ್ರೇ ಒಂದನ್ನು ಹಿಡಿದು ಬಂದು ಕೇಳಿದಳು.

"ರೀ, ಇದರಾಗ ಸಮುದ್ರದ ನೀರು ಹಾಕಿ, ಹುಳಾ ಬಿಟ್ಟು, ನೆಳ್ಳಾಗ ಇಟ್ಟು ಸುಮ್ಮ ಕುಂತ್ರ ಹೆಂಗ? ಎಷ್ಟೊತ್ತರ ಆಗ್ಲಿ. ಅದಕ್ಕ ಅನಿಸಿದಾಗ ಅರಳ್ಲಿ."

"ಕೂಡೂಣು," ಎಂದೆ.

ಮಳೆಗಾಲ ಮುಗಿದು ಮತ್ತೆ ಚಳಿ ಬೀಳುವವರೆಗೆ ಕಾದೆವು. ಈ ಸಲ ಹೊರಟದ್ದು ಹುಣ್ಣಿಮೆಗೆ. ಹಿಂದಿನ ದಿನ ಅವ್ವ ತಮ್ಮ ಸೀರೆ ಮಡಚಿ ಚೀಲಕ್ಕೆ ಹಾಕುತ್ತಿದ್ದರು. ಎಲ್ಲಿಗೆ ಎಂದು ಕೇಳಿದೆ. "ಅಮಾಸಿ ಇಲ್ಲ, ಪೂಜಿ ಇಲ್ಲ. ನಾನೂ ಬರತೇನಿ. ಸುಮ್ಮ ಕುಂಡ್ರೂ ಕೆಲಸಾ ನಿಮಗಿಂತ ನನಗ ಛಲೋ ಬರತೈತಿ," ಎಂದರು.

ದಾರಿಯುದ್ದಕ್ಕೂ ಅವ್ವ ಕಾಡು ನೋಡಿದರು, ಘಟ್ಟದಲ್ಲಿ ಕಣ್ಣು ಮುಚ್ಚಿ ಶಿವನಾಮ ಹೇಳಿದರು. ಅಂಕೋಲಾ ದಾಟಿದ ಮೇಲೆ ಒಂದು ತಿರುವಿನಲ್ಲಿ ಕಡಲು ಕಂಡಿತು. ನಾನು ಕಾರು ನಿಲ್ಲಿಸಿದೆ. ಅವ್ವ ಇಳಿದು ಸೆರಗು ಹೊದ್ದು ನಿಂತರು. ನೀರಿನ ಕೊನೆ ಹುಡುಕುವವರಂತೆ ಕಣ್ಣಿಗೆ ಕೈ ಅಡ್ಡ ಹಿಡಿದರು.

"ಆ ಕಡೆ ದಂಡಿ ಎಲ್ಲೈತೋ?" ಎಂದರು ಕೊನೆಗೆ.

"ಕಾಣೂದಿಲ್ಲವಾ."

"ನಮ್ಮ ಉಣಕಲ್ಲ ಕೆರಿ ನಾಕೈದ ಪಟ್ಟ ಇರಬಹುದು ಅನಕೊಂಡಿದ್ದೆ." ಮತ್ತೆ ಸ್ವಲ್ಪ ಹೊತ್ತು ನೋಡಿ, "ಇಷ್ಟ ದೊಡ್ಡ ನೀರಾಗ ಹೋಗಿ ಬೆರಳಿನಷ್ಟ ಹುಳಾ ಹುಡುಕತಿರೇನು!" ಎಂದು ಸೊಸೆಯ ಮುಖ ನೋಡಿದರು. ಆ ನೋಟದಲ್ಲಿ ಗೇಲಿ ಇರಲಿಲ್ಲ.

ಮರುದಿನ ಬೆಳಗ್ಗೆ ನೀರು ಇಳಿದಾಗ ಹೆಂಡತಿ ಎರಡು ಕರಿಯವನ್ನೂ ಒಂದು ಕಿತ್ತಳೆಯದನ್ನೂ ಹುಡುಕಿ, ಅಂಗೈಯಲ್ಲಿ ನೀರಿನ ಸಮೇತ ಎತ್ತಿ ತಂದು ಟ್ರೇಗೆ ಬಿಟ್ಟಳು. ತೀರದ ಮೇಲೆ ಒಂದು ಗಾಳಿಮರದ ನೆರಳಿತ್ತು. ಅಲ್ಲಿ ಮಡಚುವ ಕುರ್ಚಿ ಹಾಕಿ ಅವ್ವನನ್ನು ಕೂಡಿಸಿದೆ. ನಾವಿಬ್ಬರೂ ಮರಳಿನ ಮೇಲೆ ಕೂತೆವು. ಹುಳುಗಳು ಮೂರೂ ಅಂಗಿಯ ಮೂರು ಗುಂಡಿಗಳಂತೆ ಮುದುರಿ ಬಿದ್ದಿದ್ದವು.

ನಾನು ಕ್ಯಾಮೆರಾ ಹಿಡಿದು ಕೂತೆ. ಕೈ ಸೋತಿತು, ಕೆಳಗಿಟ್ಟೆ. ಯಾರ್ಡಿನಿಂದ ಫೋನ್ ಬಂತು, ಎದ್ದು ದೂರ ಹೋಗಿ ಮಾತಾಡಿ ಬಂದೆ. ಹುಳುಗಳು ಹಾಗೇ ಇದ್ದವು. ಅವ್ವ ಸಣ್ಣ ದನಿಯಲ್ಲಿ ತಾವು ಮದುವೆಯಾಗಿ ತವರೂರು ಮುಗದದಿಂದ ಉಣಕಲ್ಲಿಗೆ ಬಂದ ಹೊಸತರ ಸುದ್ದಿ ಹೇಳುತ್ತಿದ್ದರು. ಮೊದಲ ಕೆಲವು ತಿಂಗಳು ಯಾರು ಕರೆದರೂ ಬಾಗಿಲ ಹಿಂದೆಯೇ ನಿಲ್ಲುತ್ತಿದ್ದರಂತೆ. ಅವರ ಅತ್ತೆ, ಅಂದರೆ ನನ್ನ ಅಜ್ಜಿ, ಒಮ್ಮೆಯೂ ಎಳೆದು ಹೊರಗೆ ತರಲಿಲ್ಲವಂತೆ. ನಾನು ಆ ಮಾತನ್ನು ಎಂದೂ ಕೇಳಿರಲಿಲ್ಲ. ಹೆಂಡತಿ ಟ್ರೇಯಿಂದ ಕಣ್ಣು ತೆಗೆಯದೆಯೇ ಹೂಂ ಹೂಂ ಎನ್ನುತ್ತಿದ್ದಳು.

ಹೀಗಿರುವಾಗ ಒಂದು ಕರಿಯದು ಮೈ ಸಡಿಲಿಸಿ ಉದ್ದವಾಯಿತು. ಕೊಂಬು ಹೊರಗೆ ಬಂದವು. ಬೆನ್ನ ಹಿಂಭಾಗದ ತೂತಿನಿಂದ ಮೊದಲು ಒಂದು ಎಳೆ, ಆಮೇಲೆ ಇನ್ನೊಂದು ಹೊರಬಂದು, ಗರಿಯಂಥ ಅಗಲವಾದ ಎಸಳುಗಳು ನಾಲ್ಕೂ ಕಡೆ ಹರಡಿದವು. ಎಸಳು ಕೆಲವೇ, ಆದರೆ ದೊಡ್ಡವು. ಮೈಯ ಅಂಚಿನವರೆಗೂ ಚಾಚಿದ್ದವು.

"ಫೋಟೋ," ಎಂದಳು ಹೆಂಡತಿ ಪಿಸುಮಾತಿನಲ್ಲಿ. ನಾನು ತೆಗೆದೆ.

ಎರಡನೆಯ ಕರಿಯದು ಬಹಳ ಹೊತ್ತು ಕಾಯಿಸಿತು. ಬಿಸಿಲು ಸರಿದು ಬಂದು ಟ್ರೇಯನ್ನು ಒಮ್ಮೆ ನೆರಳಿಗೆ ಎಳೆಯಬೇಕಾಯಿತು, ನೀರು ಬದಲಿಸಬೇಕಾಯಿತು. ಕೊನೆಗೆ ಅದೂ ಅರಳಿತು. ಅದರ ಕಿವಿರು ಸಣ್ಣ ಸಣ್ಣ ಎಸಳುಗಳದು. ಒತ್ತೊತ್ತಾಗಿ, ಚಿಕ್ಕ ಉಂಗುರದಂತೆ, ಮಧ್ಯದಲ್ಲಿಯೇ ನಿಂತುಬಿಟ್ಟವು. ಮೇಲಿನಿಂದ ನೋಡಿದರೆ ಎರಡೂ ಒಂದೇ ಕರಿ, ಒಂದೇ ಅಳತೆ. ಹಿಂದಿನ ಹೂವು ಮಾತ್ರ ಬೇರೆ.

ಹೆಂಡತಿ ಕೂಗಲಿಲ್ಲ, ಕುಣಿಯಲಿಲ್ಲ. ಅತ್ತೆಯ ಮೊಣಕಾಲಿನ ಮೇಲೆ ಕೈಯಿಟ್ಟು, "ಎರಡ ಅದಾವ ಅತ್ತಿ," ಎಂದಳು. ಅವಳ ಕಣ್ಣು ತುಂಬಿದ್ದವು.

"ಎರಡ ಇದ್ರ ಎರಡ. ಅದಕ್ಕ ಅಳೂದೇನೈತಿ?" ಎಂದು ಅವ್ವ ಸೆರಗಿನಿಂದ ಅವಳ ಮುಖ ಒರೆಸಿದರು.

ಕಿತ್ತಳೆಯದು ಎಲ್ಲಕ್ಕಿಂತ ಕೊನೆಗೆ ಅರಳಿತು. ಕೆಲವೇ ಎಸಳು, ದೊಡ್ಡವು, ಅಂಚಿನವರೆಗೆ. ಮೊದಲನೆಯ ಕರಿಯದರ ಕಿವಿರನ್ನೇ ತಂದಿಟ್ಟಂತಿತ್ತು. ಹೆಂಡತಿ ನನ್ನ ಕಡೆ ತಿರುಗಿದಳು. ಯಲ್ಲಾಪುರದಲ್ಲಿ ಆಡಿದ ಮಾತು ಅವಳು ಮರೆತಿರಲಿಲ್ಲ.

"ದುಕಾನ ಯಾವಾಗ ಮುಚ್ಚತೀರಿ?"

ಬಣ್ಣ ನನ್ನ ಕೈಬಿಟ್ಟಿತ್ತು. ನೋಡಲು ಪೂರ್ತಿ ಬೇರೆಯಾದವು ಒಂದೇ ಆಗಿದ್ದವು, ಅಚ್ಚು ಒಂದೇ ಎನಿಸಿದವು ಬೇರೆಯಾಗಿದ್ದವು. ಸೋತದ್ದಕ್ಕೆ ನನಗೆ ಬೇಸರವೇನೂ ಆಗಲಿಲ್ಲ. ಹುಳುಗಳನ್ನು ಅವವುಗಳ ಹೊಂಡಕ್ಕೆ ಬಿಟ್ಟು ಬರುವ ಕೆಲಸ ನಾನೇ ವಹಿಸಿಕೊಂಡೆ.

ಮೂರು ಹುಳು ನೋಡಿದ್ದರಿಂದ ಮೇಡಂ ಒಪ್ಪಲಿಲ್ಲ. ಇನ್ನೂ ನೋಡಿರಿ, ನಡುವಿನ ಬಣ್ಣದವನ್ನೂ ನೋಡಿರಿ ಎಂದರು. ಮತ್ತೆ ಮತ್ತೆ ಹೋದೆವು. ಬೂದಿಯವು, ಕಂದು ಮಚ್ಚೆಯವು, ಅರ್ಧ ಕಿತ್ತಳೆ ಅರ್ಧ ಕರಿ ಎಂಬಂಥವು, ಎಲ್ಲವನ್ನೂ ಟ್ರೇಯಲ್ಲಿ ಕೂಡಿಸಿ ಕಾದೆವು. ಒಳಗಿನ ಅಂಗಗಳನ್ನೂ ಅವಳು ಲ್ಯಾಬಿನಲ್ಲಿ ಬಿಡಿಸಿ ನೋಡಿದಳು. ಕೊನೆಗೆ ಮೇಡಂ ಕನ್ನಡಕ ತೆಗೆಯದೆಯೇ ಒಪ್ಪಿದರು.

ಆ ಸಂಜೆ ನಾನು ಉತ್ಸಾಹದಿಂದ ಕೇಳಿದೆ. "ಹಂಗಾದ್ರ ಹೊಸಾ ಹುಳಕ್ಕ ಏನ ಹೆಸರಿಡತಿ?"

"ಹೊಸಾದಲ್ಲರೀ. ಎರಡಕ್ಕೂ ಹಿಂದಿನವರು ಯಾವತ್ತೋ ಹೆಸರಿಟ್ಟಾರ. ನಾ ನೋಡಿದ ಈ ದಂಡಿ ಮ್ಯಾಲ ಅವು ಕೂಡೇ ಇರತಾವ, ಹಿಂಗ ಬ್ಯಾರೆ ಮಾಡಬಹುದು ಅಂತ ಹೇಳಾಕತ್ತೇನಿ, ಅಷ್ಟ."

ನನ್ನ ಮುಖ ಇಳಿದಿರಬೇಕು. ಅವಳು ನನ್ನನ್ನೇ ಸಮಾಧಾನ ಮಾಡಿದಳು. "ಹೊಸಾದ ಯಾಕ ಬೇಕ್ರಿ? ಮೊದಲ ಕಂಡಾಗ ಏನೂ ಗೊತ್ತಿರಲಿಲ್ಲ. ಈಗ ಕಂಡ್ರ ನೀ ಯಾರಂತ ಗೊತ್ತೈತಿ ಅನಬಹುದಲ್ಲ. ನನಗ ಅದ ಸಾಕು."

ಕೊನೆಯ ಮೌಖಿಕ ಪರೀಕ್ಷೆ ಧಾರವಾಡದಲ್ಲಿ ನಡೆಯಿತು. ಯಾರು ಬೇಕಾದರೂ ಬಂದು ಕೂಡಬಹುದಿತ್ತು. ನಾನೂ ಅವ್ವನೂ ಹಿಂದಿನ ಸಾಲಿನಲ್ಲಿ ಕೂತೆವು. ಹೊರಗಿನಿಂದ ಬಂದ ಪರೀಕ್ಷಕರು ಇಂಗ್ಲಿಷಿನಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಅವಳು ನಿಂತು ಉತ್ತರ ಕೊಡುತ್ತಿದ್ದಳು.

"ಜಗಳಾ ಹತ್ತೇತೇನೋ?" ಎಂದು ಅವ್ವ ನನ್ನ ಕಿವಿಯಲ್ಲಿ ಕೇಳಿದರು.

"ಇಲ್ಲವಾ, ಕೇಳಾಕತ್ತಾರ."

ಪರೀಕ್ಷಕರು ಕೊನೆಗೆ ಕೇಳಿದ್ದು ನನಗೂ ಅರ್ಥವಾಯಿತು. ಕಿವಿರು ನೋಡಿದರೆ ತಿಳಿಯುವ ವ್ಯತ್ಯಾಸಕ್ಕೆ ಇಷ್ಟು ವರ್ಷ ಏಕೆ ಬೇಕಾಯಿತು ಎಂದು. ಹೆಂಡತಿ, ನಾವು ಬೇಕೆಂದಾಗ ಅವು ಅದನ್ನು ತೋರಿಸುವುದಿಲ್ಲ ಸರ್ ಎಂದಳು. ಸಭೆಯಲ್ಲಿ ನಗು ಎದ್ದಿತು. ಪರೀಕ್ಷಕರೂ ನಕ್ಕರು. ಎಲ್ಲರೂ ನಕ್ಕದ್ದು ನೋಡಿ ಅವ್ವನಿಗೆ ನಿಶ್ಚಿಂತೆಯಾಯಿತು. ಪಕ್ಕದಲ್ಲಿದ್ದ ಅಪರಿಚಿತ ಹೆಣ್ಣುಮಗಳಿಗೆ, "ನಮ್ಮ ಸೊಸಿ," ಎಂದು ಹೇಳಿದರು.

ಪಿಎಚ್‌.ಡಿ. ಮುಗಿದ ಮರುದಿನ ಬೆಳಗ್ಗೆ ಹೆಂಡತಿ ಬೇಗ ಏಳಲಿಲ್ಲ. ಬಿಸಿಲು ಕಿಟಕಿ ದಾಟಿ ಹಾಸಿಗೆಯವರೆಗೆ ಬಂದಿತ್ತು, ಅವಳು ಮಗ್ಗುಲು ಬದಲಿಸಿ ಮತ್ತೆ ಮಲಗಿದಳು. ನಾನು ಅಡುಗೆಮನೆಗೆ ಹೋದರೆ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಸದ್ದಾಗಬಾರದೆಂದು ಅಂಗೈಯಲ್ಲಿ ತಟ್ಟುತ್ತಿದ್ದರು. ತುಟಿಯ ಮೇಲೆ ಬೆರಳಿಟ್ಟು, ಚಹಾದ ಕಪ್ಪನ್ನು ನನ್ನ ಕೈಗೆ ಕೊಟ್ಟು, ಹೊರಗೆ ಹೋಗಿ ಕುಡಿ ಎಂದು ಸನ್ನೆ ಮಾಡಿದರು. ಕಟ್ಟೆಯ ಮೇಲೆ ಕೂತು ಕುಡಿದೆ. ಯಾರ್ಡಿಗೆ ಹೋಗಲು ಇನ್ನೂ ಹೊತ್ತಿತ್ತು.